ಮದುವೆ ಮನೆ ಮುಂದೆ ನಿಲ್ಲದ ಗಾಡಿ

ಕಳೆದ ತಿಂಗಳು ಚನ್ನಗಿರಿಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಒಂದು ತರಬೇತಿ ಇತ್ತು. ಗಾಡಿಯಲ್ಲೇ ಒಲೆ, ಪಾತ್ರೆ, ಸಾಮಾನು ಹೇರಿಕೊಂಡು ಕರೆದವರ ಊರಿಗೆ ಹೋಗಿ, ಅಡುಗೆ ಮಾಡಿ ಬಡಿಸಿ ಬರುವ ಸಂಚಾರಿ ಕೇಟರಿಂಗ್ ಶುರು ಮಾಡಬೇಕೆಂದಿರುವವರಿಗೆ. ನನ್ನನ್ನೂ ಕರೆದಿದ್ದರು. ಮಂಡಿ ನೋವು ಜಾಸ್ತಿಯಾಗಿ ನಾನು ಆ ಕೆಲಸ ಬಿಟ್ಟು ವರ್ಷದ ಮೇಲಾಯಿತು. ನನಗಿಂತ ಮೊದಲು ದಾವಣಗೆರೆಯಿಂದ ಬಂದ ಮಹಾಶಯರೊಬ್ಬರು ಮಾತಾಡಿದರು. ಒಳ್ಳೆಯ ಗಿರಾಕಿಗಳು ಬೇಕೆಂದರೆ ಮೊದಲು ಹೆಸರು ಕಾಣಬೇಕು, ಗಾಡಿಯ ಮೇಲೆ ದೊಡ್ಡದಾಗಿ ಬರೆಸಿ, ಎಲ್ಲಿ ಹೋದರೂ ಜನ ಗುರುತು ಹಿಡಿಯಬೇಕು ಎಂದರು. ಹುಡುಗಿಯರು ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು. ನನ್ನ ಸರದಿ ಬಂದಾಗ ಶುಚಿ, ರುಚಿ ಎಂದು ನಾಲ್ಕು ಮಾತು ಹೇಳಿ ಕೂತುಬಿಟ್ಟೆ. ಹೇಳಬೇಕಾದದ್ದನ್ನು ಅಲ್ಲಿ ಹೇಳಲು ಹೋಗಿದ್ದರೆ ಮೈಕಿನ ಮುಂದೆ ಅಳು ಬರುತ್ತಿತ್ತು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಪಾರ್ವತಮ್ಮ. ಜನ ಕರೆಯುವುದು ಪಾರಕ್ಕ. ಸ್ವಂತ ಗಾಡಿ ಮಾಡುವ ಮೊದಲು ಹೊನ್ನಾಳಿಯ ಚಂದ್ರಪ್ಪಣ್ಣ ಎಂಬ ಅಡುಗೆ ಕಂಟ್ರಾಕ್ಟರ ಕೈಕೆಳಗೆ ಹೋಳಿಗೆ ತಟ್ಟುತ್ತಿದ್ದೆ. ಸುತ್ತಮುತ್ತಲ ದೊಡ್ಡ ಮದುವೆಗಳೆಲ್ಲ ಅವರವೇ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಒಲೆಗಳ ನಡುವೆ ಓಡಾಡುತ್ತಿದ್ದರು, ಅಂಗಿಯ ಮೇಲೆ ಒಂದು ಹನಿ ಅರಿಸಿನ ಬಿದ್ದದ್ದನ್ನು ನಾನು ನೋಡಿಲ್ಲ. ಬಾಯಿ ಮಾತ್ರ ಕೆಟ್ಟದು. ಹೋಳಿಗೆ ಅಂಚು ದಪ್ಪವಾದರೆ, "ಇದನ್ನ ಎಲೆಗೆ ಹಾಕಾಕೆ ತಟ್ಟಿದ್ಯಾ, ಗೋಡೆಗೆ ಬಡಿಯಾಕೆ ತಟ್ಟಿದ್ಯಾ?" ಎಂದು ಎಲ್ಲರೆದುರು ಕೇಳುತ್ತಿದ್ದರು. ಆದರೆ ಕೆಲಸ ಕಲಿಸಿದವರು ಅವರೇ. ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿ ಮುಂದಿನ ಪಂಕ್ತಿಗೆ ಅಕ್ಕಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರು. ಬಾಯಲ್ಲಿ ಹೇಳಿದ ಲೆಕ್ಕವನ್ನು ಅವರು ನಂಬುತ್ತಲೇ ಇರಲಿಲ್ಲ.

ಇನ್ನೊಂದು ವಿಷಯ ನನಗೆ ಆಗ ವಿಚಿತ್ರವಾಗಿ ಕಾಣುತ್ತಿತ್ತು. ಎಲ್ಲ ಅಡುಗೆಯವರೂ ಪಾತ್ರೆ ಕಳೆಯಬಾರದೆಂದು ಅದರ ಮೇಲೆ ಹೆಸರು ಕೊರೆಸುತ್ತಾರೆ. ಚಂದ್ರಪ್ಪಣ್ಣನ ಹಂಡೆ, ಕೊಳಗ, ಸೌಟು ಯಾವುದರ ಮೇಲೂ ಒಂದಕ್ಷರ ಇರಲಿಲ್ಲ. ಸಾಗಿಸಲು ಸ್ವಂತ ಗಾಡಿಯೂ ಇರಲಿಲ್ಲ, ಆಯಾ ದಿನ ಸಿಕ್ಕ ಬಾಡಿಗೆ ಟೆಂಪೊ. ದುಡ್ಡಿದ್ದೂ ಜಿಪುಣ ಎಂದು ನಾವು ಹೆಂಗಸರು ಹಿಟ್ಟು ನಾದುತ್ತ ಆಡಿಕೊಳ್ಳುತ್ತಿದ್ದೆವು.

ನಮ್ಮ ಮನೆಯವರು ಆಗ ಬೇರೆಯವರ ಗೂಡ್ಸ್ ಗಾಡಿ ಓಡಿಸುತ್ತಿದ್ದರು. ಇಬ್ಬರೂ ಯೋಚನೆ ಮಾಡಿ ಒಂದು ಹಳೆಯ ಗಾಡಿ ತೆಗೆದುಕೊಂಡೆವು. ಒಳಗೆ ಗ್ಯಾಸ್ ಒಲೆ, ನೀರಿನ ಟ್ಯಾಂಕ್, ಪಾತ್ರೆ ಜೋಡಿಸಲು ಕಬ್ಬಿಣದ ಹಲಗೆ, ಪಕ್ಕದ ಬಾಗಿಲು ತೆರೆದರೆ ಬಡಿಸುವ ಕಟ್ಟೆ. ಹಳದಿ ಬಣ್ಣ ಹೊಡೆಸಿದೆವು. ಏನು ಹೆಸರು ಬರೆಯಲಿ ಎಂದು ಪೇಂಟರ್ ಕೇಳಿದಾಗ ನಾವಿಬ್ಬರೂ ಒಟ್ಟಿಗೆ ಮಗಳ ಹೆಸರು ಹೇಳಿದೆವು. ನಮ್ಮ ಕಡೆ ಆಟೊ, ಟ್ರ್ಯಾಕ್ಟರು, ಲಾರಿ ಯಾವುದರ ಮೇಲೆ ನೋಡಿದರೂ ಮಕ್ಕಳ ಹೆಸರೇ ಇರುತ್ತದೆ. ವೀಣಾ ಸಂಚಾರಿ ಅಡುಗೆಮನೆ ಎಂದು ಎರಡೂ ಪಕ್ಕಕ್ಕೆ, ಅಕ್ಷರಗಳು ಬಸ್ಸಿನಲ್ಲಿ ಹೋಗುವವರಿಗೂ ಕಾಣುವಷ್ಟು ದೊಡ್ಡದಾಗಿ. ಅಕ್ಷರದ ಸುತ್ತ ಬಾಳೆ ಎಲೆ, ಎಲೆಯ ತುಂಬ ಊಟದ ಚಿತ್ರ. ವೀಣಾ ಆಗ ಪ್ರಾಥಮಿಕ ಶಾಲೆಯಲ್ಲಿದ್ದಳು. ತನ್ನ ಹೆಸರಿನ ಮೇಲೆ ಕೈಯಾಡಿಸಿ ಬೆರಳಿಗೆ ಹಸಿ ಬಣ್ಣ ಅಂಟಿಸಿಕೊಂಡು ಬೈಸಿಕೊಂಡಳು.

ನನಗಿದ್ದದ್ದು ಒಂದೇ ಆಸೆ. ಮದುವೆ ಆರ್ಡರ್ ಹಿಡಿಯಬೇಕು. ನಮ್ಮ ಗಾಡಿ ತೋರಣ ಕಟ್ಟಿದ ಬಾಗಿಲಲ್ಲಿ, ವಾದ್ಯದವರ ಪಕ್ಕದಲ್ಲಿ ನಿಲ್ಲಬೇಕು, ನಮ್ಮ ಹೋಳಿಗೆಯ ಮಾತನ್ನು ಬೀಗರು ತಮ್ಮ ಊರಿಗೆ ಹೊತ್ತುಕೊಂಡು ಹೋಗಬೇಕು. ಈ ಕೆಲಸದಲ್ಲಿ ಒಳ್ಳೆಯ ಗಿರಾಕಿ ಎಂದರೆ ಮದುವೆ ಮನೆಯವರೇ. ಒಂದು ಮದುವೆ ಚೆನ್ನಾಗಿ ನಡೆದರೆ ಅದರಿಂದ ಹತ್ತು ಮದುವೆ ಹುಟ್ಟುತ್ತವೆ. ಅದಕ್ಕಾಗಿ ಛತ್ರಗಳಿಗೆ ಹೋಗಿ ಚೀಟಿ ಕೊಟ್ಟೆ, ಬಟ್ಟೆ ಅಂಗಡಿ, ಬೆಳ್ಳಿ ಬಂಗಾರದ ಅಂಗಡಿಯವರಿಗೆ ಕೈಮುಗಿದೆ, ಲಗ್ನಪತ್ರಿಕೆ ಅಚ್ಚು ಹಾಕುವವನಿಗೆ ಮನೆಯಲ್ಲಿ ಮಾಡಿದ ಉಂಡೆ ಕೊಟ್ಟು ಬಂದೆ. ಉಂಡೆ ತಿಂದ, ಆರ್ಡರ್ ಬರಲಿಲ್ಲ.

ಮೊದಲ ಕರೆ ಬಂದದ್ದು ಬಸವಾಪಟ್ಟಣದಿಂದ. ಅಡಿಕೆ ವ್ಯಾಪಾರಿ ಮಲ್ಲಿಕಾರ್ಜುನಪ್ಪ ಎಂಬುವರ ತಂದೆ ತೀರಿಕೊಂಡಿದ್ದರು. ಸತ್ತವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ಊಟಕ್ಕೆ ಅಡುಗೆಯವರು ಬೇಕಾಗಿತ್ತು. ಲಗ್ನದ ಕಾಲ, ಕೈ ಪಳಗಿದವರೆಲ್ಲ ಮದುವೆ ಹಿಡಿದುಕೊಂಡಿದ್ದರು. ಸಾವು ಯಾರಿಗೂ ಮುಂಗಡ ಹೇಳಿ ಬರುವುದಿಲ್ಲವಲ್ಲ. ಯಾರೋ ನಮ್ಮ ಗಾಡಿ ನೋಡಿ ನಂಬರು ಕೊಟ್ಟಿದ್ದರು. ದೊಡ್ಡ ಮನೆ, ಒಮ್ಮೆ ನಮ್ಮ ಕೈರುಚಿ ಕಂಡರೆ ಮುಂದೆ ಮದುವೆಗೂ ಕರೆಯುತ್ತಾರೆ ಎಂದು ನಾನೇ ಮನೆಯವರನ್ನು ಹೊರಡಿಸಿದೆ.

ಅಲ್ಲಿ ಅಜ್ಜಿ, ಅಂದರೆ ತೀರಿಕೊಂಡವರ ಹೆಂಡತಿ, ಅಡುಗೆ ಮಾಡುವ ಕಡೆಗೇ ಬಂದು ಕೂತಿದ್ದರು. ಮಾತಿಗೆಂದು, "ಅಜ್ಜಾರಿಗೆ ಏನು ಇಷ್ಟ ಇತ್ರಿ?" ಎಂದು ಕೇಳಿದೆ. ಅಜ್ಜಿ, "ಹಲ್ಲು ಹೋದ ಮ್ಯಾಲೆ ರೊಟ್ಟೀನ ಬಿಸಿ ಸಾರಿನಾಗೆ ನೆನೆಸಿ, ಮ್ಯಾಲೊಂದು ಮುದ್ದೆ ಬೆಣ್ಣೆ ಇಟ್ಕೊಂಡು ತಿಂತಿದ್ರು ಕಣವ್ವ. ಅದನ್ನ ಎಡಿಗೆ ಇಡು ಅಂತ ಇವ್ರಿಗೆ ಹೆಂಗೆ ಹೇಳ್ಲಿ? ದೊಡ್ಡ ಮನೆ ಎಡಿ ಅಂದ್ರೆ ಲಾಡು, ಹೋಳಿಗೆ ಅಂತಾರೆ" ಎಂದರು. ನಾನು ಯಾರನ್ನೂ ಕೇಳದೆ ಹಾಗೇ ಮಾಡಿ ಎಡೆಯ ಎಲೆಯಲ್ಲಿ ಇಟ್ಟೆ. ಮಲ್ಲಿಕಾರ್ಜುನಪ್ಪ ಅದನ್ನು ನೋಡಿ ತಾಯಿಯ ಮುಖ ನೋಡಿದರು, ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ನಾವು ಹೊರಡುವಾಗ ಗಾಡಿಯವರೆಗೂ ಬಂದು, "ಪಾರಕ್ಕಾರೆ, ನಮ್ಮನಿಯಾಗೆ ಮುಂದೆ ಏನೇ ಶುಭಕಾರ್ಯ ಆಗ್ಲಿ, ನಿಮ್ಮ ಕೈಯಾಗಿಂದೇ ಆಗ್ಬೇಕು" ಎಂದರು. ನಾನು ಆ ಮಾತನ್ನು ನಂಬಿದೆ. ಅವರೂ ಸುಳ್ಳು ಹೇಳುತ್ತಿರಲಿಲ್ಲ.

ಅಲ್ಲಿಂದ ನಮ್ಮ ಹೆಸರು ಹಬ್ಬಿತು. ಸತ್ತವರಿಗೆ ಏನು ಇಷ್ಟ ಎಂದು ಕೇಳಿ ಮಾಡುತ್ತಾರಂತೆ ಎಂಬ ಸುದ್ದಿ ಬಸ್ಸಿಗಿಂತ ಮುಂದೆ ಓಡಿತು. ಸವಳಂಗದಲ್ಲಿ ಒಬ್ಬರ ಎಡೆಗೆ ಮಂಡಕ್ಕಿ ಮಿರ್ಚಿ ಮಾಡಿದೆ. ಆತ ಸಂತೆಗೆ ಹೋದಾಗಲೆಲ್ಲ ಹೆಂಡತಿಗೆ ಗೊತ್ತಾಗದ ಹಾಗೆ ತಿಂದು ಬರುತ್ತಿದ್ದನಂತೆ, ಅದು ಆಕೆಗೆ ಮೊದಲಿನಿಂದ ಗೊತ್ತಿತ್ತಂತೆ. ಅಳುತ್ತಿದ್ದವಳು ಅದನ್ನು ಹೇಳುವಾಗ ನಕ್ಕಳು. ನ್ಯಾಮತಿ ಕಡೆಯಿಂದ ಕರೆ ಬಂತು, ಜಗಳೂರು ಕಡೆಯಿಂದ ಬಂತು. ಕೆಲಸಕ್ಕೆ ಕೊರತೆಯಿರಲಿಲ್ಲ. ಎಲ್ಲವೂ ಸಾವಿನ ಊಟ. ಮನೆಯವರು ಒಮ್ಮೆ ಗಾಡಿ ತೊಳೆಯುತ್ತ, "ಲೇ, ನಮಗೆ ಇನ್ನೂ ಒಂದು ಅಕ್ಷತೆ ಕಾಳು ಬಿದ್ದಿಲ್ಲ ನೋಡು" ಎಂದರು. ಬೀಳುತ್ತದೆ ಬಿಡಿ, ಬಸವಾಪಟ್ಟಣದವರು ಮಾತು ಕೊಟ್ಟಿದ್ದಾರೆ ಎಂದೆ.

ಇಲ್ಲಿ ನನ್ನ ಒಂದು ಎಡವಟ್ಟು ಹೇಳಲೇಬೇಕು. ನ್ಯಾಮತಿಯಿಂದ ಒಬ್ಬರು ಫೋನ್ ಮಾಡಿದರು. ಪಾರಕ್ಕಾರಾ ಎಂದರು, ಹೌದು ಎಂದೆ, ನಮ್ಮನೆಗೆ ಊಟ ಮಾಡಿಕೊಡಬೇಕಿತ್ತು ಎಂದರು. ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು. "ಅಯ್ಯೋ ಪಾಪ, ಯಾವಾಗ ಹೋದ್ರು?" ಎಂದುಬಿಟ್ಟೆ. ಆ ಕಡೆಯವರು, "ಮೊಮ್ಮಗಳ ನಾಮಕರಣಕ್ಕೆ ಕೇಳಿದ್ವಿ" ಎಂದು ಹೇಳಿ ಫೋನ್ ಇಟ್ಟರು. ತಿರುಗಿ ಮಾಡಿದರೆ ತೆಗೆಯಲಿಲ್ಲ. ಮಗುವಿನ ನಾಮಕರಣದ ಕರೆಗೆ ಸಾವಿನ ಮಾತಾಡಿದ ನನ್ನ ಬಾಯಿಗೆ ಏನು ಹೇಳಲಿ.

ಕೆಲವು ವರ್ಷ ಕಳೆದ ಮೇಲೆ ಮಲ್ಲಿಕಾರ್ಜುನಪ್ಪನವರ ಹಿರಿಯ ಮಗನಿಗೆ ಹೆಣ್ಣು ಗೊತ್ತಾಯಿತೆಂದು ಕೇಳಿದೆ. ಅವರಾಗಿಯೇ ಹೇಳಿ ಕಳಿಸುತ್ತಾರೆಂದು ಕಾದೆ. ಹೇಳಿ ಕಳಿಸದಿದ್ದಾಗ ನಾವೇ ಹೊರಟೆವು. ಗಾಡಿಗೆ ಹೊಸದಾಗಿ ಪಾಲಿಶ್ ಹೊಡೆಸಿ, ಮುಂದೆ ಹೂವಿನ ಹಾರ ಹಾಕಿ, ನೆಟ್ಟಗೆ ಅವರ ಮನೆಯ ಬಾಗಿಲಲ್ಲಿ ನಿಲ್ಲಿಸಿದೆವು. ಒಳಗೆ ಸೀರೆ ಆರಿಸುತ್ತಿದ್ದರು ಅಂತ ಕಾಣುತ್ತದೆ, ಹೆಂಗಸರ ನಗು ಕೇಳುತ್ತಿತ್ತು. ಮಲ್ಲಿಕಾರ್ಜುನಪ್ಪನವರ ಹೆಂಡತಿ ಹೊರಗೆ ಬಂದರು, ನನ್ನನ್ನು ನೋಡುವ ಮೊದಲು ಗಾಡಿಯನ್ನು ನೋಡಿದರು. ಅವರ ಮುಖದ ಬಣ್ಣವೇ ಹೋಯಿತು. ಒಳಗೆ ಹೋದರು. ಒಬ್ಬ ಆಳು ಬಂದು, "ಅಮ್ಮಾರು ಗಾಡೀನ ಬಸ್ ಸ್ಟ್ಯಾಂಡ್ ತಾವ ಹಚ್ಚಾಕೆ ಹೇಳಿದ್ರು" ಎಂದ. ನಮ್ಮ ಮನೆಯವರು ಏನೂ ಕೇಳದೆ ಗಾಡಿ ತೆಗೆದುಕೊಂಡು ಹೋದರು. ನಾನು ಒಬ್ಬಳೇ ಜಗಲಿಯ ಮೇಲೆ ಕೂತೆ.

ಮಲ್ಲಿಕಾರ್ಜುನಪ್ಪ ಚಹಾ ತರಿಸಿದರು. ಅವರಿಗೂ ಮುಜುಗರ, ಲೋಟವನ್ನೇ ನೋಡಿಕೊಂಡು ಮಾತಾಡಿದರು.

"ತಪ್ಪು ತಿಳ್ಕೋಬ್ಯಾಡ್ರಿ ಪಾರಕ್ಕಾರೆ. ನನಗೇನೂ ಇಲ್ಲ. ಹೆಂಗಸ್ರು ಒಪ್ಪಲ್ರು. ಅಪ್ಪಾರ ಕಾರ್ಯಕ್ಕೆ ನಿಂತ ಗಾಡಿ ಅದೇ ಜಾಗದಾಗೆ ಹುಡುಗನ ಮದುವಿಗೂ ನಿಂತ್ರೆ, ನೋಡಿದೋರು ಏನಂತಾರೆ?"

"ಅಡುಗಿ ಸರಿ ಇರ್ಲಿಲ್ವೇನ್ರಿ?"

"ಅಡುಗಿ ಮಾತು ಬಿಡ್ರಿ. ಅಂಥ ಊಟ ನಮ್ಮನಿಯಾಗೆ ಮತ್ತೆ ಆಗಿಲ್ಲ. ಆ ಗಾಡಿ ನೋಡಿದ್ರೆ ಅಪ್ಪಾರು ಹೋದ ದಿನನೇ ಕಣ್ಣಿಗೆ ಕಟ್ಟತೈತಿ. ಅದಕ್ಕೆ ನಾವೇನು ಮಾಡಾಕೆ ಆಕ್ಕೈತಿ?"

ನಮ್ಮಲ್ಲಿ ಸೂತಕವಿಲ್ಲ, ಸಾವೂ ಮಂಗಳವೇ ಎಂದು ಇದೇ ಮನೆಯ ಗಣಾರಾಧನೆಯಲ್ಲಿ ಸ್ವಾಮಿಗಳು ಒಂದು ತಾಸು ಪ್ರವಚನ ಮಾಡಿದ್ದರು. ಮಲ್ಲಿಕಾರ್ಜುನಪ್ಪ ಮುಂದಿನ ಸಾಲಿನಲ್ಲಿ ಕೂತು ಗೋಣು ಹಾಕಿದ್ದರು. ಅದನ್ನು ನೆನಪಿಸಬೇಕೆನಿಸಿತು. ಚಹಾ ಕುಡಿದು ಎದ್ದು ಬಂದೆ. ಬಸ್ ಸ್ಟ್ಯಾಂಡಿನವರೆಗೂ ಬಿಸಿಲಲ್ಲಿ ನಡೆಯುವಾಗ ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ಈಗಲೂ ಅದು ಆರಿಲ್ಲ.

ಆ ಮದುವೆಯ ಅಡುಗೆ ಹಿಡಿದವರು ಚಂದ್ರಪ್ಪಣ್ಣ. ಹೊನ್ನಾಳಿಗೆ ಹೋಗಿ ಅವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಕೇಳಿಸಿಕೊಂಡರು.

"ಹೋದ ಸೋಮವಾರ ನಾನು ಕುಂದೂರು ಕಡೆ ಒಂದು ಗಣಾರಾಧನೆ ಮಾಡಿ ಬಂದೆ" ಎಂದರು. "ಅದೇ ಹಂಡೆ ಬಸವಾಪಟ್ಟಣದ ಮದುವಿಗೆ ಹೋಗ್ತೈತಿ. ಅದೇ ಸೌಟು, ಅದೇ ಜನ. ಯಾರಿಗೆ ಗೊತ್ತು? ಹಂಡಿ ಮ್ಯಾಲೆ ಏನಾರ ಬರ್ದೈತಾ? ನೀನು ಊರೂರಿಗೆ ಗಾಡಿ ಮ್ಯಾಲೆ ಬೋರ್ಡು ಬರ್ಸಿಕೊಂಡು ಸತ್ತ ಮನಿ ಮುಂದೆ ದಿನವೆಲ್ಲ ನಿಲ್ಲಿಸ್ತಿ. ಹೆಸ್ರು ಇಲ್ಲದ ಪಾತ್ರೆ ಎಲ್ಲಿಗೆ ಬೇಕಾದ್ರೂ ಹೋಗ್ತೈತಿ ಕಣಮ್ಮ."

"ನನಗೆ ಆಗ್ಲೇ ಯಾಕೆ ಹೇಳ್ಲಿಲ್ಲಣ್ಣ?"

"ನೀನು ಕೇಳಿದ್ಯಾ? ನನ್ನ ಬಿಟ್ಟು ಹೋಗೋವಾಗ ಒಂದು ಮಾತು ಕೇಳಿದ್ಯಾ?"

ಅವರು ಜಿಪುಣರಲ್ಲ, ಮಹಾ ಜಾಣರು. ಆ ಜಾಣತನವನ್ನು ನನಗೆ ಹೇಳಿಕೊಡದೆ ಇಟ್ಟುಕೊಂಡರು ಎಂಬ ಹೊಟ್ಟೆಯುರಿ ನನಗೆ ಇಂದಿಗೂ ಇದೆ.

ಗಾಡಿಯ ಬಣ್ಣ ಬದಲಾಯಿಸಿದೆವು. ಹಳದಿ ಅಳಿಸಿ ಬಿಳಿ ಹೊಡೆಸಿ, ಹೆಸರು ತೆಗೆಸಿದೆವು. ವೀಣಾ ಆಗ ಕಾಲೇಜಿಗೆ ಹೋಗುತ್ತಿದ್ದಳು, ವರ್ಷಗಳಿಂದ ಗಾಡಿಯ ಹತ್ತಿರ ಬರದವಳು ಅಂದು ಬಂದು, ಚೆನ್ನಾಗಿದೆ ಎಂದಳು. ಆದರೆ ಮದುವೆಯವರು ಬರಲಿಲ್ಲ, ನನ್ನ ಮುಖದ ಬಣ್ಣ ಬದಲಾಯಿಸಲು ಆಗುತ್ತಿರಲಿಲ್ಲವಲ್ಲ. ಅತ್ತ ಗಣಾರಾಧನೆಯವರು, ವೀಣಾ ಗಾಡಿ ಈಗಿಲ್ಲವಂತೆ ಎಂದು ಬೇರೆ ಕಡೆ ಹೋಗತೊಡಗಿದರು. ಒಲೆ ಆರಿದರೆ ನಮಗೆ ಊಟವಿಲ್ಲ. ಒಂದು ಮಳೆಗಾಲ ಕಷ್ಟಪಟ್ಟು ನೋಡಿ, ಪೇಂಟರನ್ನು ಕರೆಸಿ ಮತ್ತೆ ಅದೇ ಹಳದಿ, ಅದೇ ಹೆಸರು ಬರೆಸಿದೆವು. ವೀಣಾ ಅಂದು ಕಾಲೇಜಿನಿಂದ ಬಂದವಳು ಗಾಡಿ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಸಿಟ್ಟು ಯಾಕೆಂದು ನಾನು ಕೇಳಲಿಲ್ಲ. ಪರೀಕ್ಷೆಯ ತಲೆಬಿಸಿ ಅಂದುಕೊಂಡೆ.

ಈಗ ಕೆಲಸದ ರೀತಿಯೇ ಬೇರೆಯಾಗಿದೆ. ಮೆನು ವಾಟ್ಸಾಪಿನಲ್ಲಿ ಹೋಗುತ್ತದೆ, ಮದುವೆಯಲ್ಲಿ ದೋಸೆಗೊಂದು ಕೌಂಟರು, ಪಾನಿಪುರಿಗೊಂದು ಕೌಂಟರು, ಬಡಿಸುವ ಹುಡುಗರಿಗೆ ಕೈಗವಸು, ತಲೆಗೆ ಟೋಪಿ. ಗಣಾರಾಧನೆಗೂ ಐಸ್‌ಕ್ರೀಮ್ ಕೇಳುವವರಿದ್ದಾರೆ. ಸತ್ತವರಿಗೆ ಏನು ಇಷ್ಟವಿತ್ತು ಎಂದರೆ ಈಗಿನ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗೊತ್ತಿಲ್ಲ, ನೀವೇ ಏನಾದರೂ ಮಾಡಿ ಎನ್ನುತ್ತಾರೆ. ಅಂಥ ಮನೆಯಲ್ಲಿ ನಾನು ನನಗೆ ಇಷ್ಟವಾದದ್ದನ್ನೇ ಮಾಡಿ ಎಡೆಗೆ ಇಟ್ಟು ಬಂದದ್ದೂ ಉಂಟು.

ವೀಣಾಳಿಗೆ ಜಗಳೂರಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಅಲ್ಲೇ ಪಕ್ಕದ ಸೊಕ್ಕೆಯಿಂದ ಸಂಬಂಧ ಬಂತು. ಹುಡುಗನ ತಾಯಿ ಗಂಗಮ್ಮ ಮಾತಿನ ಹೆಂಗಸು, ಮೆಕ್ಕೆಜೋಳದ ಹೊಲದಿಂದ ನೇರವಾಗಿ ಮಾತುಕತೆಗೆ ಬಂದು ಕೂತವರು. ನಮ್ಮ ಕೆಲಸ ಎಂಥದೆಂದು ನಾನೇ ಮೊದಲು ಹೇಳಿಬಿಟ್ಟೆ, ಆಮೇಲೆ ಮಾತು ಬರಬಾರದು ಎಂದು. ಅವರು, "ಗೊತ್ತೈತೆ ಬಿಡ್ರಿ ಬೀಗರೆ. ನಮ್ಮಣ್ಣನ ಕಾರ್ಯಕ್ಕೆ ನೀವೇ ಬಂದಿದ್ರಿ. ಸತ್ತೋರ ಮನಿ ಊಟ ತಿಂದೋರೇ ಮದುವೀಗೂ ಬರಾದು. ಗಾಡೀನ ಬಾಗಲಾಗೇ ತಂದು ನಿಲ್ಲಿಸ್ರಿ, ನನಗೆ ನಿಮ್ಮ ಕೈ ಊಟಾನೇ ಬೇಕು" ಎಂದರು. ಇಷ್ಟು ವರ್ಷದಲ್ಲಿ ನನಗೆ ಬಂದ ಮೊದಲ ಮದುವೆ ಆರ್ಡರ್ ಅದು. ಮನೆಯವರು ಕಣ್ಣೊರೆಸಿಕೊಂಡರು. ನಾನು ಅವತ್ತೇ ಹೂರಣಕ್ಕೆ ಯಾವ ಬೇಳೆ, ಎಲ್ಲಿಯ ಬೆಲ್ಲ ಎಂದು ಯೋಚಿಸತೊಡಗಿದೆ.

ಬೀಗರು ಹೋದ ಮೇಲೆ ವೀಣಾ ಅಡುಗೆಮನೆಗೆ ಬಂದಳು.

"ಅಮ್ಮಾ, ಗಾಡಿ ಬ್ಯಾಡ."

"ಅವ್ರೇ ಒಪ್ಪಿದಾರಲ್ಲೇ."

"ಅವ್ರು ಒಪ್ಪಿದಾರೆ. ನಾನು ಒಪ್ಪಲ್ಲ."

ಅವಳು ದನಿ ಎತ್ತರಿಸಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ಸ್ಕೂಲಾಗೆ ನಾನು ಕ್ಲಾಸಿಗೆ ಬಂದ್ರೆ ಹುಡುಗ್ರು ಕೇಳೋರು, ವೀಣಾ ಬಂತು, ಇವತ್ತು ಯಾರು ಹೋದ್ರು ಅಂತ. ಯಾರ ಮನೆ ಮುಂದೆ ಆ ಗಾಡಿ ನಿಂತ್ರೂ ಬೀದಿಯೋರೆಲ್ಲ ನನ್ನ ಹೆಸ್ರು ಓದ್ತಾರೆ. ಹೆಸ್ರು ಬರೆಸೋವಾಗ ನೀವಿಬ್ರೂ ನಿಮ್ಮ ಪ್ರೀತಿ ಅಷ್ಟೇ ನೋಡಿದ್ರಿ. ಮತ್ತೆ ಬರೆಸೋವಾಗ್ಲೂ ನನ್ನ ಒಂದು ಮಾತು ಕೇಳ್ಲಿಲ್ಲ. ನನ್ನ ಮದುವಿ ದಿನ ಒಂದಿನ ಆದ್ರೂ ಅದು ನನ್ನ ಕಣ್ಣಿಗೆ ಬೀಳಬಾರ್ದು."

ಬಸವಾಪಟ್ಟಣದ ಹೆಂಗಸರ ಮೇಲೆ ಸಿಟ್ಟು ಮಾಡಿಕೊಂಡಿದ್ದವಳಿಗೆ ಮಗಳ ಮೇಲೆ ಸಿಟ್ಟು ಮಾಡಿಕೊಳ್ಳಲು ದಾರಿಯೇ ಇರಲಿಲ್ಲ.

ಮದುವೆಯ ಅಡುಗೆಯನ್ನು ಚಂದ್ರಪ್ಪಣ್ಣನಿಗೆ ಒಪ್ಪಿಸಿದೆ. ಅಂದು ಬೆಳಿಗ್ಗೆ ನಮ್ಮ ಮನೆಯವರು ಯಾಕೋ ಗಾಡಿಯನ್ನು ತೊಳೆದರು, ಆಮೇಲೆ ಟಾರ್ಪಾಲು ಹೊದಿಸಿ ಹಗ್ಗ ಬಿಗಿದು ಛತ್ರಕ್ಕೆ ಬಂದರು. ಹುಡುಗಿಯ ತಾಯಿಯೆಂದು ನನ್ನನ್ನು ಕಡೆಯ ಪಂಕ್ತಿಯಲ್ಲಿ ಕೂರಿಸಿದರು. ಚಂದ್ರಪ್ಪಣ್ಣ ಅದೇ ಬಿಳಿ ಅಂಗಿಯಲ್ಲಿ ತಾವೇ ತುಪ್ಪದ ಗಿಂಡಿ ಹಿಡಿದು ಬಂದು, "ಹೋಳಿಗೆ ಹೆಂಗೈತಮ್ಮ?" ಎಂದರು. "ಚೆನ್ನಾಗೈತಣ್ಣ" ಎಂದೆ. ಅಂಚು ದಪ್ಪವಾಗಿತ್ತು. ಗಂಗಮ್ಮ ಪಕ್ಕದಲ್ಲಿ ಕೂತು ಊಟ ಮಾಡಿದರು, ನಿಮ್ಮ ಕೈ ಊಟ ಯಾಕಿಲ್ಲ ಎಂದು ಕೇಳಲಿಲ್ಲ. ಕೈ ತೊಳೆಯುವಾಗ, "ಒಂದಿನ ನಮ್ಮೂರಿಗೆ ಬಂದು ಮಾಡಿ ಹಾಕ್ರಿ, ಸಾಲ ಉಳಿಸ್ಕೋಬ್ಯಾಡ್ರಿ" ಎಂದು ನಕ್ಕರು. ನಾನು ಆಗಲಿ ಎಂದೆ. ಮಂಡಿ ನೋವು, ಕೆಲಸ, ಹೋಗಲಾಗಲೇ ಇಲ್ಲ.

ಒಳ್ಳೆಯ ಗಿರಾಕಿ ಹಿಡಿಯುವುದು ಹೇಗೆಂದು ತಿಳಿಯಲು ಆ ಹುಡುಗಿಯರು ತರಬೇತಿಗೆ ಬಂದಿದ್ದರಲ್ಲ, ನನಗೆ ಗೊತ್ತಿರುವುದು ಇಷ್ಟು. ಮೊದಲು ಯಾವ ಬಾಗಿಲಲ್ಲಿ ನಿಲ್ಲುತ್ತೀರೋ ಆ ಬಾಗಿಲೇ ನಿಮಗೆ ಅಂಟಿಕೊಳ್ಳುತ್ತದೆ. ನಮ್ಮ ಊಟ ಹೊಗಳಿದವರು, ನಮ್ಮ ಕೈಹಿಡಿದು ಅತ್ತವರು, ನಮ್ಮನ್ನು ಮರೆಯದವರು ಎಲ್ಲ ಇದ್ದರು. ಮರೆಯದಿದ್ದದ್ದೇ ನಮಗೆ ಮುಳುವಾಯಿತು. ಗಾಡಿಗೆ ಬೇಕಾದ ಹೆಸರಿಡಿ. ಮಕ್ಕಳ ಹೆಸರು ಮಾತ್ರ ಇಡಬೇಡಿ.

ಕೆಲಸ ಬಿಡುವ ಮುಂಚೆ ಮಾಡಿದ ಕೊನೆಯ ಆರ್ಡರ್ ಸೊಕ್ಕೆಯದು. ಗಂಗಮ್ಮ ಹೊಲದಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಮಣ್ಣಿಗೆ ಹೋಗಿ ಬಂದಿದ್ದೆವು. ಎರಡು ದಿನ ಬಿಟ್ಟು ವೀಣಾ ಫೋನ್ ಮಾಡಿದಳು. ಮೊದಲು ಬರೀ ಅಳು. ಆಮೇಲೆ ಹೇಳಿದಳು, "ಅಮ್ಮಾ, ಅತ್ತೆ ಕಾರ್ಯಕ್ಕೆ ಯಾರೂ ಸಿಗ್ತಿಲ್ಲ. ಕೇಳಿದೋರೆಲ್ಲ ಮದುವಿ ಹಿಡ್ಕೊಂಡಿದಾರೆ. ನೀನು ಗಾಡಿ ತಗೊಂಡು ಬಂದುಬಿಡು."

ಗಾಡಿ ತಗೊಂಡು ಬಾ ಎಂದು ಅವಳು ಕರೆದದ್ದು ಅದೇ ಮೊದಲು. ಅವಳಿಗೆ ಏನಾದರೂ ಸಮಾಧಾನ ಹೇಳಬೇಕಿತ್ತು, ಅತ್ತೆಯನ್ನು ಕಳೆದುಕೊಂಡ ಮಗಳು. ಬಾಯಿ ತೆರೆದೆ. ಬಂದ ಮಾತು ಇಷ್ಟೇ.

"ಎಷ್ಟು ಜನ ಆಗ್ತಾರೆ?"